ಪಕ್ಕದ ಸೀಟಿನ ಕಿವಿ

ಆ ವರ್ಕ್‌ಶಾಪಿನಲ್ಲಿ ಪೈಪು ಮಾಡುವವರು ಗಂಡ, ಕೇಳಿಸಿಕೊಳ್ಳುವವಳು ಹೆಂಡತಿ. ಗಿರಾಕಿಗಳ ಬಾಯಲ್ಲಿ ಗಂಡ ಪೈಪಣ್ಣ, ಹೆಂಡತಿ ಕಿವಿಯಮ್ಮ. ಹೆಸರಿಟ್ಟವನು ಪಕ್ಕದ ಟೈರ್ ಅಂಗಡಿಯವನು. ಎದುರಿಗೆ ಬಂದವರಿಗೆಲ್ಲ ಹೆಸರಿಡುವುದು ಅವನ ಚಾಳಿ. ತನಗೆ ಮಾತ್ರ ಯಾರೂ ಇಡದ ಹಾಗೆ ಎಚ್ಚರವಾಗಿದ್ದ.

ಪೈಪಣ್ಣನವರ ಕಸುಬು ಟರ್ಬೊ ಕಾರುಗಳ ಎಕ್ಸಾಸ್ಟ್ ಬದಲಾಯಿಸುವುದು. ಟರ್ಬೊ ಇರುವ ಕಾರು ತನ್ನ ಹೊಗೆಯನ್ನು ಸುಮ್ಮನೆ ಹೊರಗೆ ಬಿಟ್ಟುಬಿಡುವುದಿಲ್ಲ. ಹೊರಗೆ ಹೋಗುವ ಹೊಗೆಯ ರಭಸದಿಂದಲೇ ಒಂದು ಪುಟ್ಟ ಚಕ್ರ ತಿರುಗಿಸಿಕೊಂಡು, ಆ ಚಕ್ರದಿಂದ ಎಂಜಿನ್ನಿನ ಹೊಟ್ಟೆಗೆ ಇನ್ನಷ್ಟು ಗಾಳಿ ತುಂಬಿಸಿಕೊಳ್ಳುತ್ತದೆ. ಕಾರು ಮಾಡುವವರು ಆ ಚಕ್ರದ ಬೆನ್ನಿಗೇ ಒಂದು ಕಿರಿದಾದ ಪೈಪು ಜೋಡಿಸಿರುತ್ತಾರೆ. ಸದ್ದು ಕಡಿಮೆಯಿರಲಿ, ಎಲ್ಲರಿಗೂ ಹೊಂದಿಕೊಂಡು ಹೋಗಲಿ ಎಂದು. ಪೈಪಣ್ಣ ಅದನ್ನು ತೆಗೆದು, ಅಗಲವಾದ ಸ್ಟೀಲ್ ಪೈಪನ್ನು ಅಳತೆಗೆ ಕತ್ತರಿಸಿ, ತುಂಡು ತುಂಡಾಗಿ ಬೆಸೆದು ಕೂರಿಸುತ್ತಿದ್ದರು. ನೆಗಡಿಯಾಗಿ ಕಟ್ಟಿದ್ದ ಮೂಗು ತಟ್ಟನೆ ಬಿಟ್ಟರೆ ಹೇಗಿರುತ್ತದೋ ಹಾಗೆ ಕಾರು ಉಸಿರೆಳೆದುಕೊಂಡು ಓಡುತ್ತಿತ್ತು.

ಆದರೆ ಹಾಗೆ ಬಿಡುಗಡೆ ಸಿಕ್ಕ ಟರ್ಬೊ ಹೇಳಿದ ಮಾತು ಕೇಳುವುದಿಲ್ಲ. ಬೇಕಾದ್ದಕ್ಕಿಂತ ಹೆಚ್ಚು ಗಾಳಿ ನೂಕುತ್ತದೆ. ಆ ಗಾಳಿಗೆ ತಕ್ಕಷ್ಟು ಪೆಟ್ರೋಲು ಬೀಳುವಂತೆ ಕಾರಿನ ಕಂಪ್ಯೂಟರಿಗೆ ಲ್ಯಾಪ್‌ಟಾಪಿನಿಂದ ಹೊಸ ಪಾಠ ಹೇಳಿಕೊಡಬೇಕು. ಪಾಠದಲ್ಲಿ ಒಂದಿಷ್ಟು ಹೆಚ್ಚುಕಡಿಮೆಯಾದರೂ ಎಂಜಿನ್ನಿನ ಒಳಗಿನ ಉರಿ ಹೊತ್ತಿಗೆ ಮುಂಚೆ ಸಿಡಿದು ಪಿಸ್ಟನ್ನಿನ ತಲೆಗೆ ಬಡಿಯುತ್ತದೆ. ಮೆಕ್ಯಾನಿಕ್ಕುಗಳು ಅದಕ್ಕೆ ನಾಕಿಂಗ್ ಅನ್ನುತ್ತಾರೆ. ತಗಡಿನ ಡಬ್ಬಿಯಲ್ಲಿ ಹರಳು ಹಾಕಿ ಅಲ್ಲಾಡಿಸಿದಂಥ ಸಣ್ಣ ಸದ್ದು. ಕೇಳಿದ ತಕ್ಷಣ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಎಂಜಿನ್ ಬಚಾವು. ಆಮೇಲೆ ಲ್ಯಾಪ್‌ಟಾಪಿನಲ್ಲಿ ಸರಿಮಾಡಿಕೊಳ್ಳಬಹುದು. ಕಾಲು ತೆಗೆಯದಿದ್ದರೆ ಒಳಗೊಳಗೇ ಏಟು ತಿಂದು ಪಿಸ್ಟನ್ ಒಂದು ದಿನ ಮುರಿಯುತ್ತದೆ.

ಈ ಸದ್ದನ್ನು ಹಿಡಿಯಲು ಕಾರಿನೊಳಗೇ ಒಂದು ಸೆನ್ಸರ್ ಇರುವುದುಂಟು. ಹೊಸ ಪೈಪಿನ ಅಬ್ಬರಕ್ಕೆ ಅದು ಸುಮ್ಮಸುಮ್ಮನೆ ಬೆದರಿ ಎಂಜಿನ್ನನ್ನು ಹಿಂದಕ್ಕೆಳೆಯುತ್ತದೆ ಎಂದು ಪೈಪಣ್ಣ ಅದರ ಬಾಯಿ ಮುಚ್ಚಿಸಿಬಿಡುತ್ತಿದ್ದರು. ಅದರ ಬದಲು ಅವರದೇ ಒಂದು ಉಪಾಯವಿತ್ತು. ತಾಮ್ರದ ಕೊಳವೆಯೊಂದರ ತುದಿಯನ್ನು ಚಪ್ಪಟೆ ಬಡಿದು ಎಂಜಿನ್ನಿಗೆ ಬೋಲ್ಟ್ ಹಾಕಿ ಕಚ್ಚಿಸುವುದು. ಇನ್ನೊಂದು ತುದಿಗೆ ರಬ್ಬರ್ ನಳಿಕೆ ಸಿಕ್ಕಿಸಿ ಕಿಟಕಿಯಿಂದ ಒಳಗೆ ತಂದು, ಕಾರ್ಖಾನೆಗಳಲ್ಲಿ ಸದ್ದು ತಡೆಯಲು ಹಾಕಿಕೊಳ್ಳುವ ದಪ್ಪನೆಯ ಕಿವಿಚಿಪ್ಪುಗಳಿಗೆ ಜೋಡಿಸುವುದು. ಪಕ್ಕದ ಸೀಟಿನಲ್ಲಿ ಹೆಂಡತಿ ಅದನ್ನು ಹಾಕಿಕೊಂಡು ಕಣ್ಣು ಮುಚ್ಚಿ ಕೂರುತ್ತಿದ್ದಳು. ಅವರು ಏರು ರಸ್ತೆಯಲ್ಲಿ ಕಾರನ್ನು ಪೂರ್ತಿ ಬಿಡುತ್ತಿದ್ದರು. ಅವಳ ಕೈ ಮೇಲೆದ್ದರೆ ಅವರ ಕಾಲು ಮೇಲೇಳುತ್ತಿತ್ತು. ಆ ಕೆಲಸಕ್ಕೆ ಅವರಿಬ್ಬರ ನಡುವೆ ಮಾತೇ ಬೇಕಿರಲಿಲ್ಲ.

ಮದುವೆಯಾದ ಹೊಸದರಲ್ಲಿ ಅವಳು ಅಲ್ಲಿಗೆ ಬರುತ್ತಿದ್ದುದು ಫ್ಲಾಸ್ಕಿನಲ್ಲಿ ಚಹಾ ತಂದುಕೊಡಲು. ಒಮ್ಮೆ ಕುತೂಹಲಕ್ಕೆಂದು ಕಿವಿಚಿಪ್ಪು ಹಾಕಿಕೊಂಡವಳು, ಗಂಡನಿಗೆ ಕೇಳಿಸದ್ದನ್ನು ಕೇಳಿ "ಏನೋ ಕಿಣಿಕಿಣಿ ಅಂತಿದೆಯಲ್ರೀ" ಎಂದಿದ್ದಳು. ಅಂದಿನಿಂದ ಆ ಸೀಟು ಅವಳದಾಯಿತು. ಮನೆಯಲ್ಲಿ ಎಷ್ಟೇ ಜಗಳವಾಡಿದ್ದರೂ ಕಾರಿನೊಳಗೆ ಬಂದು ಕೂತರೆ ಅದು ಮುಗಿದ ಹಾಗೆಯೇ. ಚಳಿಯ ಬೆಳಗುಗಳಲ್ಲಿ ಅವರು ಕಿವಿಚಿಪ್ಪುಗಳನ್ನು ಮೊದಲು ತಮ್ಮ ಅಂಗೈಗಳ ನಡುವೆ ಇಟ್ಟುಕೊಂಡು ಬಿಸಿ ಮಾಡಿ, ಆಮೇಲೆ ಅವಳ ಕೈಗೆ ಕೊಡುತ್ತಿದ್ದರು. ಅದನ್ನು ಅವರು ಯಾವತ್ತೂ ಬಾಯಿಬಿಟ್ಟು ಆಡಿದವರಲ್ಲ. ಅವಳೂ ಕೇಳಿದವಳಲ್ಲ.

ಇತ್ತೀಚೆಗೆ ಅವಳ ಕಿವಿಯಲ್ಲಿ ಏನೋ ಆಗುತ್ತಿತ್ತು. ಮೊದಲು ಅಡುಗೆಮನೆಯ ಟೈಮರ್ ಹೋಯಿತು. ಅದು ಕೀ ಕೀ ಎಂದು ಬಡಿದುಕೊಳ್ಳುತ್ತಿದ್ದರೂ ಅವಳು ಅದರ ಪಕ್ಕದಲ್ಲೇ ನಿಂತು ಪಾತ್ರೆ ಒರೆಸುತ್ತಿದ್ದಳು. ಮಗಳು ಬಂದು ಆರಿಸಿ, "ಏನಮ್ಮಾ, ಯಾವ ಲೋಕದಲ್ಲಿದ್ದೀಯ?" ಎಂದು ನಕ್ಕಳು. ಮಾತು ಕೇಳಿಸುತ್ತಿತ್ತು, ಲಾರಿ ಕೇಳಿಸುತ್ತಿತ್ತು, ಬಾಗಿಲು ಬಡಿದದ್ದು ಕೇಳಿಸುತ್ತಿತ್ತು. ಸಣ್ಣನೆಯ, ಚೂಪಾದ ಸದ್ದುಗಳು ಮಾತ್ರ ಒಂದೊಂದಾಗಿ, ಹೇಳದೆ ಕೇಳದೆ ಎದ್ದುಹೋಗುತ್ತಿದ್ದವು.

ಒಂದು ದಿನ ಟೈರ್ ಅಂಗಡಿಯವನು ಗಿರಾಕಿಯ ಎದುರಿಗೇ ಅವಳನ್ನು ಕೂಗಿ ಕರೆದ.

"ಬನ್ನಿ ಕಿವಿಯಮ್ಮ, ನಮ್ಮ ನೀರಿನ ತೊಟ್ಟಿ ಒಡೆದುಹೋಗಿದೆ. ಈ ಟೈರ್ ಎಲ್ಲಿ ಸೋರ್ತಿದೆ ಅಂತ ಸ್ವಲ್ಪ ಕೇಳಿ ಹೇಳಿ. ನನ್ನ ಕಿವೀಲಿ ಬರೀ ಟ್ರಾಫಿಕ್ ತುಂಬ್ಕೊಂಡಿದೆ."

ಅವಳು ಬಗ್ಗಿದಳು. ಟೈರು ಕಲ್ಲಿನ ಹಾಗೆ ಮೂಕವಾಗಿತ್ತು. ಗಿರಾಕಿ, "ಅಯ್ಯೋ, ಇಲ್ಲಿಗೇ ಕೇಳಿಸ್ತಿದೆಯಲ್ಲ ಬುಸ್ ಅನ್ನೋದು, ಎಲ್ಲಿ ಅಂತ ಗೊತ್ತಾಗ್ತಿಲ್ಲ ಅಷ್ಟೆ" ಎಂದ. ಟೈರಿನ ಸುತ್ತ ಮುಖವನ್ನು ನಿಧಾನವಾಗಿ ಸರಿಸುತ್ತ ಹೋದಾಗ ಒಂದು ಕಡೆ ಕೆನ್ನೆಗೆ ದಾರದಷ್ಟು ತೆಳ್ಳಗೆ ತಣ್ಣನೆಯ ಗಾಳಿ ಸೋಕಿತು. ಅಲ್ಲಿ ಬೆರಳಿಟ್ಟಳು.

"ನೋಡಿದ್ರಾ!" ಎಂದು ಟೈರ್ ಅಂಗಡಿಯವನು ತನ್ನದೇ ಸಾಮಾನಿನ ಹಾಗೆ ಅವಳನ್ನು ಹೊಗಳಿದ. "ಇದು ಕಿವಿ ಅಲ್ಲ ಸ್ವಾಮಿ, ಮಿಶಿನ್ನು. ಇವರ ಮುಂದೆ ಗುಟ್ಟು ಮಾತಾಡೋ ಹಾಗೇ ಇಲ್ಲ."

ಅವಳು ನಗುತ್ತಲೇ ವಾಪಸು ಬಂದಳು. ಗ್ಯಾಸ್ ಸಿಲಿಂಡರುಗಳ ಮರೆಯಲ್ಲಿ ಒಂದು ಮಗುಚಿದ ಬಕೆಟ್ಟಿನ ಮೇಲೆ ಕೂತು, ಎರಡು ಕೈಗಳನ್ನೂ ತೊಡೆಗಳ ಸಂದಿಯಲ್ಲಿ ಇಟ್ಟುಕೊಂಡಳು.

ಗಂಡನಿಗೆ ಹೇಳಬೇಕೆಂದು ದಿನವೂ ಅಂದುಕೊಳ್ಳುತ್ತಿದ್ದಳು. ಹೇಳಿದರೆ ಅವರು ಬೈಯುವವರಲ್ಲ. "ಇಷ್ಟು ವರ್ಷ ಕೂತದ್ದು ಸಾಕು, ಇನ್ನು ಆರಾಮಾಗಿರು" ಅನ್ನುತ್ತಾರೆ. ಆ ಮಾತಿಗೇ ಅವಳು ಹೆದರುತ್ತಿದ್ದಳು. ಇನ್ನೂ ಒಂದು ಧೈರ್ಯವಿತ್ತು: ಏನೇ ಆದರೂ ಕಾರಿನೊಳಗೆ ಮಾತ್ರ ಕಿವಿ ಕೈಬಿಟ್ಟಿರಲಿಲ್ಲ. ಕಣ್ಣು ಮುಚ್ಚಿ ಕೂತಾಗ ಯಾವುದೋ ಒಂದು ಕ್ಷಣದಲ್ಲಿ ಮೈಯೆಲ್ಲ ಎಚ್ಚರಾಗಿ ಕೈ ಮೇಲೇಳುತ್ತಿತ್ತು, ಅದೇ ಕ್ಷಣಕ್ಕೆ ಅವರ ಕಾಲೂ ಎದ್ದಿರುತ್ತಿತ್ತು. ಮೊದಲಿನ ಹಾಗೆ ಹರಳಿನ ಸದ್ದು ಸ್ಪಷ್ಟವಿಲ್ಲ, ನಿಜ. ಆದರೂ ಏನೋ ಗೊತ್ತಾಗುತ್ತಿತ್ತು. ಅವರು ಕಾರು ಬದಿಗೆ ನಿಲ್ಲಿಸಿ ಲ್ಯಾಪ್‌ಟಾಪ್ ಬಿಚ್ಚುತ್ತ, "ಸರಿಯಾಗಿ ಹಿಡಿದೆ ಕಣೇ" ಅನ್ನುತ್ತಿದ್ದರು. ಅಭ್ಯಾಸದ ಕಿವಿ, ವಯಸ್ಸಾದರೂ ಕಸುಬು ಮರೆಯುವುದಿಲ್ಲ ಎಂದು ಅವಳು ಸಮಾಧಾನ ಮಾಡಿಕೊಂಡಿದ್ದಳು.

ಹೀಗಿರುವಾಗ ಮಗಳ ಓಟ ಬಂತು.

ಮಗಳನ್ನು ಎಲ್ಲರೂ ಚೂಟಿ ಅನ್ನುತ್ತಿದ್ದರು. ಅಪ್ಪನ ವರ್ಕ್‌ಶಾಪಿನಲ್ಲೇ ಸ್ಪ್ಯಾನರ್ ಹಿಡಿದು ಬೆಳೆದವಳು. ಬೆಟ್ಟದ ರಸ್ತೆಗಳಲ್ಲಿ ಗಡಿಯಾರದ ವಿರುದ್ಧ ಒಬ್ಬೊಬ್ಬರಾಗಿ ಕಾರು ಏರಿಸುವ ಸ್ಪರ್ಧೆಗಳಲ್ಲಿ ಅವಳಿಗೆ ಆಗಲೇ ಹೆಸರಿತ್ತು. ದುಡ್ಡಿರುವವರ ಹೊಸ ಕಾರುಗಳ ನಡುವೆ ತನ್ನ ಹಳೆಯ ಡಬ್ಬಾ ಕಾರಿನಲ್ಲಿ ಎರಡನೆಯವಳಾಗಿ, ಮೂರನೆಯವಳಾಗಿ ಬರುತ್ತಿದ್ದಳು. ಈಗ ಒಂದು ದೊಡ್ಡ ತಂಡದವರು ಹೊಸ ಡ್ರೈವರನ್ನು ಆರಿಸುತ್ತಿದ್ದರು. ಪ್ರತಿಯೊಬ್ಬರಿಗೂ ಅವರವರ ಕಾರಿನಲ್ಲಿ ಬೆಟ್ಟದ ಮೇಲೆ ಒಂದೇ ಒಂದು ಓಟ. ವಯಸ್ಸಿನ ಮಿತಿ ಚೂಟಿಗೆ ಈ ವರ್ಷವೇ ಕೊನೆ. ಸಿಕ್ಕರೆ ಜೀವನಪೂರ್ತಿ ಕಾರು ಓಡಿಸಿಕೊಂಡೇ ಬದುಕಬಹುದು. ಇಲ್ಲದಿದ್ದರೆ ಇಲ್ಲ.

ಅಪ್ಪ ಮಗಳು ಸೇರಿ ಆ ಕಾರಿಗೆ ಹೊಸ ಪೈಪು ಮಾಡಿದರು. ಟರ್ಬೊದ ಬಾಯಿಂದ ಹಿಂದಿನ ಬಂಪರಿನ ತನಕ ಪೂರ್ತಿ ಸ್ಟೀಲು, ಒಂದು ಕಡೆಯೂ ಇಕ್ಕಟ್ಟಿಲ್ಲ. ಬೆಸುಗೆಯ ಗೆರೆಗಳು ಜೋಡಿಸಿಟ್ಟ ನಾಣ್ಯಗಳ ಹಾಗೆ ಒಂದರ ಮೇಲೊಂದು ಮಲಗಿದ್ದವು.

"ಇನ್ನೂ ಸ್ವಲ್ಪ ಅಗಲ ಮಾಡಿದ್ರೆ ಹೇಗಪ್ಪಾ?"

"ಅಗಲ ಮಾಡ್ತಾ ಹೋದ್ರೆ ಕೊನೆಗೆ ನೀನೇ ಒಳಗೆ ತೂರಿ ಕೂತ್ಕೋಬಹುದು. ಸುಮ್ನಿರು."

"ಕೂತ್ಕೊಂಡ್ರೂ ನಾನು ಅಲ್ಲಿಂದಾನೇ ಓಡಿಸ್ತೀನಿ ಬಿಡು."

"ಓಡಿಸ್ತೀಯ, ಓಡಿಸ್ತೀಯ. ಮೊದ್ಲು ಆ ನಟ್ಟು ಬಿಗಿ ಮಾಡು."

ಉರುಳೆಗಳ ಮೇಲೆ ಕಾರು ನಿಲ್ಲಿಸಿ ಶಕ್ತಿ ಅಳೆಯುವ ಯಂತ್ರವಿದ್ದ ಅಂಗಡಿಗೆ ಒಯ್ದು ನೋಡಿದರೆ ಮೊದಲಿಗಿಂತ ಕಾಲು ಪಾಲು ಹೆಚ್ಚು ಬಂದಿತ್ತು. ಪೈಪೊಂದರಿಂದಲೇ ಇಷ್ಟು ಬಂತೆಂದು ಆ ಅಂಗಡಿಯವನು ನಂಬಲಿಲ್ಲ, ಬಾನೆಟ್ ಎತ್ತಿಸಿ ನೋಡಿದ. ಚೂಟಿ ಅಲ್ಲೇ ಅಪ್ಪನ ಕುತ್ತಿಗೆಗೆ ಜೋತುಬಿದ್ದಳು. ಆದರೆ ಉರುಳೆಯ ಮೇಲಿನ ಓಟ ಬೇರೆ, ಏರು ರಸ್ತೆಯ ಓಟ ಬೇರೆ. ಬಿಸಿಲಿನಲ್ಲಿ, ಏರಿನಲ್ಲಿ, ಒಂದೇ ಸಮನೆ ಒತ್ತಿ ಹಿಡಿದಾಗ ಟರ್ಬೊ ಎಲ್ಲಿಯ ತನಕ ಹೋಗುತ್ತದೆಂದು ರಸ್ತೆಯಲ್ಲೇ ಕೇಳಬೇಕು.

ಕೇಳುವ ದಿನ ಪೈಪಣ್ಣ ಬೆಳಗಿನಿಂದಲೇ ಮಗಳ ಹಿಂದೆ ಬಿದ್ದಿದ್ದರು.

"ಮೊದಲ ಸಲ ನಾನು ಓಡಿಸ್ತೀನಿ, ಆಮೇಲೆ ನೀನು."

"ಯಾಕೆ? ಬೆಟ್ಟದ ಮೇಲೆ ಓಡಿಸೋಳು ನಾನಲ್ವಾ? ನನ್ನ ಕಾಲಿಗೆ ಗೊತ್ತಾಗಬೇಕಲ್ವಾ ಅದರ ಮನಸ್ಸು?"

"ಒಂದೇ ಒಂದು ಸಲ ಕಣೇ ಚೂಟಿ."

"ಅಪ್ಪಾ, ನೀನು ಓಡಿಸಿದ್ರೆ ಅದು ನಿದ್ದೆ ಹೋಗುತ್ತೆ. ಸುಮ್ಮನೆ ಇಲ್ಲೇ ಇರು. ಕೇಳೋದಕ್ಕೆ ಅಮ್ಮ ಇದ್ದಾಳೆ. ಅಮ್ಮ ಇದ್ಮೇಲೆ ಇನ್ನೇನು ಭಯ?"

ಅವರು ಪ್ಯಾಂಟಿನ ಜೇಬಿನಲ್ಲಿ ಕೈ ಹಾಕಿಕೊಂಡು ನಿಂತಿದ್ದರು. ಏನೋ ಹೇಳಲು ಬಾಯಿ ತೆರೆದು ಹೆಂಡತಿಯ ಕಡೆ ನೋಡಿದರು. ಅವಳು ಆಗಲೇ ಪಕ್ಕದ ಸೀಟಿನಲ್ಲಿ ಕೂತು ಬೆಲ್ಟ್ ಎಳೆದುಕೊಳ್ಳುತ್ತಿದ್ದಳು. ಮಗಳ ಜೊತೆ ಹೀಗೆ ಕೂರುವುದು ಅದೇ ಮೊದಲು. ಮುಖ ಅರಳಿತ್ತು. ಅವರು ಬಾಯಿ ಮುಚ್ಚಿಕೊಂಡರು. ಕಿಟಕಿಯ ಹತ್ತಿರ ಬಂದು ರಬ್ಬರ್ ನಳಿಕೆ ಎಲ್ಲೂ ಮಡಿಚಿಕೊಂಡಿಲ್ಲವೆಂದು ಬೆರಳಾಡಿಸಿ ನೋಡಿ, "ಜೋಪಾನ" ಎಂದರು. ಯಾರಿಗೆ ಹೇಳಿದರೋ.

ಊರ ಹೊರಗಿನ ಕಲ್ಲುಕ್ವಾರಿಯ ಹಿಂದಿನ ಏರು ರಸ್ತೆ ಖಾಲಿಯಾಗಿತ್ತು. ಚೂಟಿ ಮೂರನೇ ಗೇರಿನಲ್ಲಿ ಒತ್ತಿದಳು. ಬೆನ್ನು ಸೀಟಿಗೆ ಅಂಟಿಕೊಂಡಿತು. ಕಿವಿಚಿಪ್ಪಿನೊಳಗೆ ಎಂಜಿನ್ನಿನ ದಪ್ಪ ಗರ್ಜನೆ ತುಂಬಿಕೊಂಡಿತು, ಹೊಳೆಯಂತೆ. ಆ ಹೊಳೆಯೊಳಗೆ ಹರಳುಗಳಿಗಾಗಿ ಅವಳು ಹುಡುಕಿದಳು. ಕಣ್ಣು ಮುಚ್ಚಿದಳು. ಹಲ್ಲು ಕಚ್ಚಿ ಹುಡುಕಿದಳು. ಏನೂ ಇರಲಿಲ್ಲ. ಮೈ ಎಚ್ಚರಾಗುವ ಆ ಕ್ಷಣ ಈಗ ಬರುತ್ತದೆ, ಇನ್ನೇನು ಬರುತ್ತದೆ ಎಂದು ಕಾದಳು. ಬರಲಿಲ್ಲ. ರಸ್ತೆ ಮುಗಿದು ಚೂಟಿಯೇ ಕಾಲು ತೆಗೆದಳು.

"ಹೇಗಿತ್ತಮ್ಮಾ?"

ಆಗ ಹೇಳಬಹುದಿತ್ತು. ಒಂದೇ ಮಾತು. ಹೇಳಿದ್ದರೆ ಅಪ್ಪನನ್ನು ಕರೆತಂದು, ಬೇರೆ ಯಾರನ್ನಾದರೂ ಕೂರಿಸಿ ಕೇಳಿಸಬಹುದಿತ್ತು. ಆದರೆ ಗಂಡನ ಜೊತೆ ಕೂತಾಗ ತಪ್ಪದೆ ಕೇಳಿಸುತ್ತಿತ್ತಲ್ಲ. ಅಂದರೆ ಇವತ್ತು ಕೇಳಿಸದಿದ್ದುದು ಸದ್ದೇ ಇಲ್ಲದ್ದರಿಂದ ಇರಬೇಕು. ಮಗಳ ಹಣೆಯ ಮೇಲೆ ಬೆವರು ಮಿನುಗುತ್ತಿತ್ತು. ಕಣ್ಣುಗಳು ಅಮ್ಮನ ಮುಖದ ಮೇಲೇ ಇದ್ದವು, ಚಿಕ್ಕವಳಿದ್ದಾಗ ಚಿತ್ರ ಬರೆದು ತಂದು ತೋರಿಸುತ್ತಿದ್ದಾಗಿನ ಹಾಗೆ.

"ಚೆನ್ನಾಗಿದೆ" ಎಂದಳು. "ಏನೂ ಇಲ್ಲ."

"ನಿಜವಾಗ್ಲೂ? ಹಾಗಾದ್ರೆ ಇನ್ನೊಂದು ಸ್ವಲ್ಪ ಬೂಸ್ಟ್ ಏರಿಸ್ಲಾ?"

"ಏರಿಸು."

ಚೂಟಿ ಲ್ಯಾಪ್‌ಟಾಪಿನಲ್ಲಿ ಟರ್ಬೊ ನೂಕುವ ಗಾಳಿಯ ಒತ್ತಡ ಏರಿಸಿದಳು. ಮತ್ತೆ ಮತ್ತೆ ಏರಿನಲ್ಲಿ ಬಿಟ್ಟಳು. ಅಮ್ಮನ ಕೈ ಒಮ್ಮೆಯೂ ಮೇಲೇಳಲಿಲ್ಲ. ವಾಪಸು ಬರುವಾಗ ಚೂಟಿ ಬೇಕೆಂದೇ ಕಿರುಚಿ ಹಾಡು ಹೇಳಿಕೊಂಡು ಬಂದಳು, ದಾರಿಯಲ್ಲಿ ನಿಲ್ಲಿಸಿ ಅಮ್ಮನಿಗೆ ಐಸ್‌ಕ್ರೀಮ್ ಕೊಡಿಸಿದಳು, "ನಿನ್ನ ಕಿವಿಗೆ ಒಂದು ಮುತ್ತು" ಎಂದು ಕಿವಿಗೇ ಮುತ್ತು ಕೊಟ್ಟಳು. ವರ್ಕ್‌ಶಾಪಿನ ಬಾಗಿಲಲ್ಲಿ ಪೈಪಣ್ಣ ನಿಂತೇ ಇದ್ದರು.

"ಎಷ್ಟು ಸಲ ಬಂತು?" ಎಂದು ಕೇಳಿದರು.

"ಒಂದು ಸಲವೂ ಇಲ್ಲಪ್ಪ. ಅಮ್ಮ ಪಾಸು ಮಾಡಿದ್ಲು."

ಅವರು ಹೆಂಡತಿಯ ಮುಖ ನೋಡಿದರು. ಅವಳು ಹೌದೆಂದು ತಲೆಯಾಡಿಸಿದಳು. ಅವರು ಬಹಳ ಹೊತ್ತು ಬಾನೆಟ್ಟಿನ ಮೇಲೆ ಕೈಯಿಟ್ಟುಕೊಂಡೇ ನಿಂತಿದ್ದರು, ಜ್ವರ ನೋಡುವವರ ಹಾಗೆ. "ಹಾಗಾದ್ರೆ ಸರಿ" ಎಂದರು ಕೊನೆಗೆ. ಆಮೇಲೆ ಒಬ್ಬರೇ ಒಳಗೆ ಕೂತು ಲ್ಯಾಪ್‌ಟಾಪಿನಲ್ಲಿ ಬೂಸ್ಟನ್ನು ಕೊಂಚ ಇಳಿಸಿದರು. ಚೂಟಿ ನೋಡಿ ರೇಗಿದಳು. ಮತ್ತೆ ಅದನ್ನು ಇದ್ದಷ್ಟಕ್ಕೇ ಏರಿಸಿದಳು.

ಓಟದ ಬೆಳಿಗ್ಗೆ ಬೆಟ್ಟದ ಬುಡದಲ್ಲಿ ತಂಡದವರ ಡೇರೆಗಳು ಎದ್ದಿದ್ದವು. ತಂಡದ ಮ್ಯಾನೇಜರ್ ಒಬ್ಬಳು ಹೆಂಗಸು, ಬಾಬ್ ಕೂದಲಿನವಳು. ತಾಯಿ ನಿಂತಿರುವುದನ್ನು ಕಂಡು ತನ್ನ ಮಡಚುವ ಕುರ್ಚಿಯನ್ನೇ ತಂದು ಕೊಟ್ಟು, "ನಿಮ್ಮ ಮಗಳ ಹಳೆಯ ಓಟಗಳನ್ನೆಲ್ಲ ನೋಡಿದೀನಿ. ನನಗಂತೂ ಅವಳ ಮೇಲೇ ಕಣ್ಣು" ಎಂದು ಮೆಲ್ಲಗೆ ಹೇಳಿದಳು. ಅಷ್ಟು ಹತ್ತಿರ ಬಗ್ಗಿ ಹೇಳಿದ್ದರಿಂದ ಅವಳಿಗೆ ಪೂರ್ತಿ ಕೇಳಿಸಿತು.

ಚೂಟಿಯ ಕಾರು ಹೊರಟಿತು. ಮೊದಲ ತಿರುವನ್ನು ಅದು ತಿರುಗಿದ ರೀತಿಗೆ ಬೇಲಿಯ ಬಳಿ ನಿಂತಿದ್ದವರು ಓಹೋ ಎಂದರು. ಮ್ಯಾನೇಜರ್ ಕೈಯಲ್ಲಿದ್ದ ಗಡಿಯಾರ ನೋಡಿ ಪಕ್ಕದವನಿಗೆ ತೋರಿಸಿದಳು. ಅವನ ಹುಬ್ಬು ಮೇಲೇರಿತು. ಪೈಪಣ್ಣ ಮಾತ್ರ ನೆಲ ನೋಡುತ್ತ ತಲೆ ಓರೆ ಮಾಡಿ ನಿಂತಿದ್ದರು. ಕಾರು ಎರಡನೆಯ ತಿರುವು ದಾಟಿ ಉದ್ದನೆಯ ಏರಿಗೆ ಬಿದ್ದಿತು. ಆಗ ಅವರ ಮುಖ ಹಿಂಡಿದ ಹಾಗಾಯಿತು. ಬೇಲಿಯ ಪಕ್ಕದಲ್ಲಿದ್ದ ಮೆಕ್ಯಾನಿಕ್ಕುಗಳೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರೆಲ್ಲರಿಗೂ ಏನೋ ಕೇಳಿಸುತ್ತಿತ್ತು. ಕುರ್ಚಿಯಲ್ಲಿ ಕೂತಿದ್ದ ಕಿವಿಯಮ್ಮನಿಗೆ ಗರ್ಜನೆಯೊಂದೇ ಕೇಳುತ್ತಿತ್ತು, ಕೇಳಲು ಹಿತವಾಗಿಯೇ ಇತ್ತು. ಅವರ ಮುಖಗಳನ್ನು ನೋಡಿಯೇ ಅವಳಿಗೆ ಗೊತ್ತಾಯಿತು.

ಬೆಟ್ಟದ ಮಧ್ಯದಲ್ಲಿ ನೀಲಿ ಹೊಗೆ ಎದ್ದಿತು. ಗರ್ಜನೆ ನಿಂತುಹೋಯಿತು.

ಚೂಟಿಗೆ ಏನೂ ಆಗಿರಲಿಲ್ಲ. ಕಾರನ್ನು ಬದಿಗೆ ತಂದು ನಿಲ್ಲಿಸಿ, ಹೆಲ್ಮೆಟ್ ಮಡಿಲಲ್ಲಿಟ್ಟುಕೊಂಡು ರಸ್ತೆಯಂಚಿನ ಕಲ್ಲಿನ ಮೇಲೆ ಕೂತಿದ್ದಳು. ಮ್ಯಾನೇಜರ್ ತಾನೇ ನಡೆದು ಮೇಲೆ ಹೋಗಿ ಅವಳಿಗೆ ನೀರಿನ ಬಾಟಲಿ ಕೊಟ್ಟಳು, ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂತಳು. ಇನ್ನೊಂದು ಓಟ ಕೊಡುವ ಅಧಿಕಾರ ಅವಳಿಗೂ ಇರಲಿಲ್ಲ. ಸಂಜೆಯ ಹೊತ್ತಿಗೆ ತಂಡದ ಸೀಟು ಬೇರೆ ಯಾರಿಗೋ ಹೋಯಿತು.

ಮರುದಿನ ಮಧ್ಯಾಹ್ನ ವರ್ಕ್‌ಶಾಪಿನ ಶಟರ್ ಅರ್ಧ ಎಳೆದುಕೊಂಡು ಎಂಜಿನ್ ಬಿಚ್ಚಿದರು. ಟೈರ್ ಅಂಗಡಿಯವನು ಹೊರಗಿನಿಂದಲೇ ಒಂದು ಕೆಟಲ್ ಚಹಾ ಒಳಗೆ ಸರಿಸಿ, ಯಾವ ಹೆಸರನ್ನೂ ಹಿಡಿದು ಕರೆಯದೆ ಹೋಗಿಬಿಟ್ಟ.

ಪೈಪಣ್ಣ ಪಿಸ್ಟನ್ನನ್ನು ಹೊರಗೆ ತೆಗೆದು ಬಟ್ಟೆಯಲ್ಲಿ ಒರೆಸಿ ಬೆಂಚಿನ ಮೇಲಿಟ್ಟರು. ಅದರ ಅಂಚೆಲ್ಲ ಇಲಿ ಕಡಿದ ಹಾಗೆ ಗುಳಿ ಗುಳಿಯಾಗಿತ್ತು. ಒಂದು ಪಕ್ಕ ಮುರಿದು ಬಿದ್ದಿತ್ತು. ಒಂದು ಓಟದಲ್ಲಿ ಆಗುವ ಗಾಯವಲ್ಲ ಅದು. ದಿನಗಟ್ಟಲೆ ಬಡಿಸಿಕೊಂಡದ್ದು.

ಚೂಟಿ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿದಳು.

"ನಾಕಿಂಗ್" ಎಂದಳು. "ಆದ್ರೆ ಕ್ವಾರಿ ರಸ್ತೇಲಿ ಅಮ್ಮ ಕೇಳಿದ್ಲಲ್ಲ, ಒಂದೂ ಇರ್ಲಿಲ್ಲ. ಹಾಗಾದ್ರೆ ಆಮೇಲೆ ಬಂದಿರ್ಬೇಕು. ಅಪ್ಪಾ, ನೀನು ಲ್ಯಾಪ್‌ಟಾಪಲ್ಲಿ ಕೂತು ಏನು ಮುಟ್ಟಿದೆ ಆವತ್ತು?"

ಅವರು ಒರೆಸಿದ ಬಟ್ಟೆಯನ್ನು ಮಡಚಿ ಬೆಂಚಿನ ಮೇಲಿಟ್ಟರು.

"ಹೇಳಪ್ಪಾ. ಏನೋ ಇಳಿಸ್ತೀನಿ ಅಂತ ಬೇರೇನೋ ಕೆಡಿಸ್ದೆ ಅಲ್ವಾ?"

"ಹೂಂ" ಎಂದರು ಅವರು. "ನನ್ನದೇ ತಪ್ಪು. ಕೈತಪ್ಪಿ ಏನೋ ಆಯ್ತು."

"ಕೈತಪ್ಪಿ?" ಚೂಟಿ ಪಿಸ್ಟನ್ನನ್ನು ಬೆಂಚಿನ ಮೇಲೆ ಕುಕ್ಕಿದಳು. "ಇಷ್ಟು ವರ್ಷದಲ್ಲಿ ಯಾರ ಕಾರಿಗೂ ತಪ್ಪದ ಕೈ ನನ್ನ ಕಾರಿಗೇ ತಪ್ಪಬೇಕಿತ್ತಾ?"

ಅವರು ತಲೆ ತಗ್ಗಿಸಿಕೊಂಡು ಆ ಮಾತನ್ನು ತಿಂದರು. ಅವರ ತಲೆಯ ಹಿಂಬದಿಯ ಬಿಳಿ ಕೂದಲು, ಕುತ್ತಿಗೆಯ ಮೇಲಿನ ಹಳೆಯ ಬೆಸುಗೆಯ ಕಿಡಿಯ ಚುಕ್ಕೆಗಳು ಕಿವಿಯಮ್ಮನಿಗೆ ಕಂಡವು. ಇನ್ನು ತಡೆಯಲಾಗಲಿಲ್ಲ.

"ನನಗೆ ಕೇಳಿಸ್ಲಿಲ್ಲ" ಎಂದಳು.

ಮಗಳು ತಿರುಗಿದಳು.

"ಅವತ್ತು ನನಗೆ ಏನೂ ಕೇಳಿಸ್ಲಿಲ್ಲ. ಇದ್ದಿರ್ಬೇಕು. ಸಣ್ಣ ಸದ್ದು ಯಾವುದೂ ಕೇಳಿಸೋದಿಲ್ಲ ನನಗೆ, ತುಂಬ ದಿನದಿಂದ. ಅಪ್ಪನ ಜೊತೆ ಕೂತಾಗ ಮಾತ್ರ ಕೇಳಿಸ್ತಿತ್ತು, ಅದಕ್ಕೇ ನಾನು…" ಗಂಡನ ಕಡೆ ನೋಡಿದಳು. "ಹೇಳ್ರೀ. ನಿಮ್ಮ ಜೊತೆ ಇದ್ದಾಗ ಒಂದೂ ತಪ್ಪಿಸಿಲ್ಲ ಅಲ್ವಾ ನಾನು?"

ಪೈಪಣ್ಣ ಜೇಬಿನಿಂದ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಕಪ್ಪು ಡಬ್ಬಿಯೊಂದನ್ನು ತೆಗೆದು ಪಿಸ್ಟನ್ನಿನ ಪಕ್ಕದಲ್ಲಿಟ್ಟರು. ಅದಕ್ಕೊಂದು ವೈರು, ಒಂದು ಕೆಂಪು ದೀಪ. ಚೂಟಿಗೆ ನೋಡಿದೊಡನೆ ಅರ್ಥವಾಯಿತು. ವೈರನ್ನು ಎಂಜಿನ್ನಿಗೆ ಕಚ್ಚಿಸಿದರೆ, ಪೈಪಿನ ಅಬ್ಬರಕ್ಕೆ ಬೆದರದೆ, ನಾಕಿಂಗ್ ಆದಾಗ ಮಾತ್ರ ದೀಪ ಹೊತ್ತಿಕೊಳ್ಳುವಂಥದು.

"ಸ್ಟೇರಿಂಗ್ ಕೆಳಗೆ ಅಂಟಿಸ್ಕೊಳ್ತಿದ್ದೆ" ಎಂದರು. "ನಿಂಗೆ ಕಾಣದ ಹಾಗೆ. ದೀಪ ಹತ್ತಿದ ಕೂಡ್ಲೆ ಕಾಲು ತೆಗೀತಿದ್ದೆ. ಕಾರು ಸಡಿಲವಾದಾಗ ನೀನು ಕೈ ಎತ್ತುತ್ತಿದ್ದೆ."

"ಸರಿಯಾಗಿ ಹಿಡಿದೆ ಅಂತಿದ್ರಲ್ಲ."

"ಅಂತಿದ್ದೆ."

"ಯಾವಾಗಿಂದ?"

"ಆ ಟೈರಿನ ಮೇಲೆ ನೀನು ಕೆನ್ನೆ ಇಟ್ಟು ಹುಡುಕಿದ್ದು ನೋಡಿದೆ. ಅದಕ್ಕೂ ಮುಂಚಿಂದ ಅನುಮಾನ ಇತ್ತು. ನೀನಾಗೇ ಹೇಳ್ತೀಯ ಅಂತ ಕಾದೆ. ಹೇಳ್ಲಿಲ್ಲ. ನಿನಗಿಷ್ಟವಿಲ್ಲದ್ದನ್ನ ನಾನ್ಯಾಕೆ ಕೆದಕ್ಲಿ ಅನ್ನಿಸ್ತು." ಅವರು ಒಮ್ಮೆ ಮಗಳ ಕಡೆ ನೋಡಿದರು. "ಅವತ್ತೂ ಜೇಬಲ್ಲೇ ಇತ್ತು. ಅಮ್ಮನ ಎದುರಿಗೆ ಹೇಗೆ ತೆಗೀಲಿ ಅಂತ… ನೀವು ಕಾರಿನಿಂದ ಇಳಿದು ಒಂದೂ ಬರ್ಲಿಲ್ಲ ಅಂದ ಮೇಲೆ, ನಿಜವಾಗ್ಲೂ ಇಲ್ವೇನೋ ಅಂದ್ಕೊಂಡೆ. ಅಂದ್ಕೋಬೇಕು ಅಂತ ಅನ್ನಿಸ್ತು."

ಕಿವಿಯಮ್ಮ ಬೆಂಚು ಹಿಡಿದುಕೊಂಡಳು. ಎಷ್ಟು ಕಾರುಗಳು, ಎಷ್ಟು ಬೆಳಗುಗಳು. ತಾನು ಕಾಯುತ್ತಿದ್ದೇನೆಂದುಕೊಂಡ ಎಂಜಿನ್ನುಗಳನ್ನೆಲ್ಲ ಅವರು ಕಾದಿದ್ದರು, ಅವುಗಳ ಜೊತೆ ತನ್ನನ್ನೂ. ಅಷ್ಟು ಪ್ರೀತಿಯಿಂದ ಯಾರಾದರೂ ನೋಡಿಕೊಂಡಾರೇ? ಅವರು ಒಂದೇ ಒಂದು ದಿನ ಒರಟಾಗಿ "ನಿನಗೆ ಕಿವಿ ಕೇಳೋದಿಲ್ಲ, ಇಳಿ" ಎಂದಿದ್ದರೆ ಸಾಕಿತ್ತು, ಮಗಳು ಇವತ್ತು ಬೆಟ್ಟದ ತುದಿಯಲ್ಲಿರುತ್ತಿದ್ದಳು. ಅವರ ಮೇಲೆ ಮಾಡಿಕೊಳ್ಳಲು ಸಿಟ್ಟನ್ನು ಹುಡುಕಿದಳು, ಅದೂ ಸಿಗಲಿಲ್ಲ.

ಚೂಟಿ ಇಬ್ಬರನ್ನೂ ನೋಡುತ್ತಿದ್ದಳು. ಕಿರುಚುತ್ತಾಳೆಂದು ತಾಯಿ ಕಾದಳು. ಕಿರುಚಿದ್ದರೆ ಒಳ್ಳೆಯದಿತ್ತು.

"ನೀನು ಅಪ್ಪಂಗೆ ಬೇಜಾರಾಗ್ಬಾರ್ದು ಅಂತ ಸುಮ್ನಿದ್ದೆ" ಎಂದಳು ನಿಧಾನವಾಗಿ. "ಅಪ್ಪ ನಿನಗೆ ಬೇಜಾರಾಗ್ಬಾರ್ದು ಅಂತ ಸುಮ್ನಿದ್ದ. ಇಬ್ಬರೂ ಒಬ್ಬರನ್ನೊಬ್ಬರು ಎಷ್ಟು ಚೆನ್ನಾಗಿ ನೋಡ್ಕೊಂಡ್ರಿ. ನನ್ನನ್ನ ಯಾರು ನೋಡ್ಕೊಂಡ್ರಿ?"

ಕೆಟಲಿನಲ್ಲಿ ಚ‌ಹಾ ಆರಿ ಕೆನೆ ಕಟ್ಟಿತ್ತು.

ಎಷ್ಟು ದುಃಖವಿದ್ದರೂ ಜಾಗ ಖಾಲಿ ಮಾಡಲೇಬೇಕಿತ್ತು. ಮರುದಿನ ಬೆಳಿಗ್ಗೆಗೆ ಗಿರಾಕಿಯೊಬ್ಬರ ಕಾರು ಬರುವುದಿತ್ತು. ಬಿಸಿಲು ಇಳಿಯುವ ಹೊತ್ತಿಗೆ ಮೂವರೂ ಸೇರಿ ಎಂಜಿನ್ನಿಲ್ಲದ ಕಾರನ್ನು ಹಿಂದಿನ ಅಂಗಳಕ್ಕೆ ನೂಕಿದರು. ಚೂಟಿ ಕಿಟಕಿಯೊಳಗೆ ಕೈ ಹಾಕಿ ಸ್ಟೇರಿಂಗ್ ತಿರುಗಿಸುತ್ತ ಪಕ್ಕದಲ್ಲಿ ನಡೆದಳು. ಪೈಪಣ್ಣ ಇನ್ನೊಂದು ಪಕ್ಕದಲ್ಲಿ. ಕಿವಿಯಮ್ಮ ಹಿಂದಿನಿಂದ. ಮುಂದಿನ ಭಾರವೆಲ್ಲ ಹೋಗಿದ್ದ ಕಾರು ಮೂತಿಯೆತ್ತಿಕೊಂಡು ಸುಲಭವಾಗಿ ಉರುಳಿತು. ಇಷ್ಟು ಹಗುರವೇ ಇದು ಎನ್ನಿಸಿತು ಅವಳಿಗೆ. ತಲೆ ತಗ್ಗಿಸಿ, ಎರಡೂ ಅಂಗೈಗಳನ್ನು ಡಿಕ್ಕಿಯ ಮೇಲೂರಿ, ಕಾಲು ಕೊಟ್ಟು ನೂಕುತ್ತಲೇ ಇದ್ದಳು. ಸ್ವಲ್ಪ ಹೊತ್ತಿನ ಮೇಲೆ ಕಾರು ಭಾರವಾಯಿತು. ಇನ್ನಷ್ಟು ಬಲ ಹಾಕಿದಳು.

ಮಣಿಕಟ್ಟಿನ ಮೇಲೆ ಕೈಯೊಂದು ಬಿತ್ತು. ತಲೆಯೆತ್ತಿದರೆ ಚೂಟಿ. ಕಾರು ಆಗಲೇ ಗೋಡೆಗೆ ತಾಗಿ ನಿಂತಿತ್ತು, ಅವಳು ನಿಂತ ಕಾರನ್ನು ನೂಕುತ್ತಿದ್ದಳು. ಸಾಕು ಎಂದು ಮಗಳು ಕೂಗಿರಬೇಕು. ಚೂಟಿ ಅಮ್ಮನ ಕೈಗಳನ್ನು ಒಂದೊಂದಾಗಿ ಡಿಕ್ಕಿಯಿಂದ ಬಿಡಿಸಿದಳು. ಗ್ರೀಸು ಮೆತ್ತಿದ್ದ ಅಂಗೈಯನ್ನು ತನ್ನ ಅಂಗಿಯ ತುದಿಯಿಂದ ಒರೆಸಿದಳು. ಒರೆಸುತ್ತ, ಮುಖ ಬಗ್ಗಿಸಿಕೊಂಡೇ ಏನೋ ಹೇಳಿದಳು. ತುಟಿ ಅಲ್ಲಾಡಿದ್ದು ಕಂಡಿತು. ಅದು ಬೈಗುಳವೋ, ಕೇಳಿಕೆಯೋ, ಕ್ಷಮಿಸುವ ಮಾತೋ, ಏನೋ ಒಂದು. ಹೇಳಿ ಮುಗಿಸಿ ಅಮ್ಮನ ಮುಖ ನೋಡಿದಳು.

ಸುಮ್ಮನೆ ತಲೆಯಾಡಿಸಿಬಿಡಬಹುದಿತ್ತು. ಇಷ್ಟು ದಿನ ಹಾಗೇ ಮಾಡಿದ್ದಳು. ಈ ಸಲ ಅವಳು ಮಗಳ ಕಣ್ಣಿನಲ್ಲಿ ಕಣ್ಣಿಟ್ಟು ಕೇಳಿದಳು.

"ಕೇಳಿಸ್ಲಿಲ್ಲ ಮಗಾ. ಇನ್ನೊಂದು ಸಲ ಹೇಳು."

ಚೂಟಿ ಅವಳ ಕೈ ಬಿಟ್ಟಳು.

"ಏನಿಲ್ಲ, ಬಿಡು" ಎಂದಳು. ಅದನ್ನು ಮಾತ್ರ ಜೋರಾಗಿ, ಬಿಡಿಸಿ ಬಿಡಿಸಿ ಹೇಳಿದಳು. ಅದು ಅಮ್ಮನಿಗೆ ಚೆನ್ನಾಗಿ ಕೇಳಿಸಿತು.